ಅಡವಿಟ್ಟ ಬೆಂಡೋಲೆ: ಕ್ರೈಸ್ತ ಐತಿಹಾಸಿಕ ಪ್ರೇಮಕಾದಂಬರಿಯನ್ನು ಬರೆಯುವ ಬಗೆ

ಅಡವಿಟ್ಟ ಒಡವೆಯನ್ನು ಬಿಡಿಸಿಕೊಂಡು ಬರುವುದೆಂದರೆ ಏನೆಂದು ಕನ್ನಡದ ಯಾವ ಮನೆಗೂ ವಿವರಿಸಬೇಕಾಗಿಲ್ಲ. ಅಸಲು, ಬಡ್ಡಿ ಎರಡನ್ನೂ ಎಣಿಸಿಕೊಟ್ಟ ಮೇಲೆಯೇ ಒಡವೆ ಕೈಗೆ ಬರುತ್ತದೆ. ಅದರ ಮೇಲೆ ಎಷ್ಟು ಪ್ರೀತಿಯಿದೆ ಎಂದು ಹೇಳಿಕೊಂಡರೂ ಸಾಹುಕಾರನು ಪೆಟ್ಟಿಗೆಯ ಬೀಗ ತೆಗೆಯುವುದಿಲ್ಲ. ಬೈಬಲಿನಲ್ಲಿ ವಿಮೋಚನೆ ಎಂದು ನಾವು ಓದುವ ಪದದ ಹಿಂದೆ ಇರುವುದೂ ಇಂಥದೇ ವ್ಯವಹಾರ. ತನ್ನನ್ನು ಬಿಟ್ಟುಹೋದ ಹೆಂಡತಿಯನ್ನು ಪ್ರವಾದಿಯಾದ ಹೋಶೇಯನು 15 ಶೆಕೆಲ್ ಬೆಳ್ಳಿಯನ್ನೂ ಒಂದೂವರೆ ಹೋಮೆರ್ ಜವೆಗೋದಿಯನ್ನೂ ತೆತ್ತು ಮರಳಿ ಕರೆದುಕೊಂಡನು. ರೂತಳ ಕಥೆಯಲ್ಲಿ ಊರಬಾಗಿಲ ಬಳಿ ಹತ್ತು ಮಂದಿ ಹಿರಿಯರ ಎದುರು ಕುಳಿತ ಹತ್ತಿರದ ನೆಂಟನು, ಹೊಲವನ್ನು ಬಿಡಿಸಿಕೊಳ್ಳುವುದಕ್ಕೆ ಮೊದಲು ಒಪ್ಪಿದವನು, ಅದರ ಜೊತೆಗೆ ವಿಧವೆಯಾದ ರೂತಳ ಹೊಣೆಯೂ ಬರುತ್ತದೆ ಎಂದು ತಿಳಿದೊಡನೆ ತನ್ನ ಸ್ವಾಸ್ತ್ಯಕ್ಕೆ ಕೇಡಾದೀತೆಂದು ಹಿಂದೆ ಸರಿದನು. ಇನ್ನೊಬ್ಬ ನೆಂಟನಾದ ಬೋವಜನು ಆ ಬೆಲೆಯನ್ನು ಹೊತ್ತನು.

ಪ್ರೇಮ, ಶೋಧನೆ (ಅಂದರೆ ಮನಸ್ಸನ್ನು ಪರೀಕ್ಷೆಗೆ ಒಡ್ಡುವ ಪ್ರಲೋಭನೆ), ವಿಮೋಚನೆ ಎಂಬ ಮೂರು ಎಳೆಗಳ ಐತಿಹಾಸಿಕ ಕಾದಂಬರಿಯನ್ನು ಬರೆಯಲು ಕುಳಿತವರು ಮೊದಲ ಪುಟಕ್ಕಿಂತ ಮುಂಚೆ ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ: ಈ ಕಥೆಯಲ್ಲಿ ಅಡವಾಗಿ ಹೋಗಿರುವುದು ಏನು, ಅದನ್ನು ಬಿಡಿಸುವುದಕ್ಕೆ ಯಾರು ಏನನ್ನು ತೆರುತ್ತಾರೆ? ಉತ್ತರ ಸಿಗದಿದ್ದರೆ ಕೊನೆಯ ಅಧ್ಯಾಯದಲ್ಲಿ ನಾಯಕನು ಮೊಣಕಾಲೂರಿ ಅತ್ತು, ನಾಯಕಿಯು ಕ್ಷಮಿಸಿ, ಸಭಾಪಾಲಕರು ಆಶೀರ್ವದಿಸುವ ದೃಶ್ಯವೊಂದು ಬಂದೀತೇ ಹೊರತು ವಿಮೋಚನೆ ಬರಲಾರದು. ಇಂಥ ಕಥೆಯಲ್ಲಿ ಚರಿತ್ರೆಗೆ ಇರುವ ಕೆಲಸ ಆ ಬೆಲೆಯನ್ನು ನಿಗದಿ ಮಾಡುವುದು. ಆ ಕಾಲದ ಕಾನೂನು, ಕುಲದ ಕಟ್ಟು, ಕೂಲಿ, ಕ್ರೈಸ್ತ ಸಭೆಯ ನಿಯಮ ಇವು ಒಟ್ಟಾಗಿ ಒಬ್ಬ ಮನುಷ್ಯನ ಒಂದು ತೀರ್ಮಾನಕ್ಕೆ ಎಷ್ಟು ಬೆಲೆ ಕಟ್ಟುತ್ತಿದ್ದವು ಎಂಬುದನ್ನು ತಿಳಿಯುವುದೇ ಸಂಶೋಧನೆ.

ಕಾಲವನ್ನೂ ನೆಲವನ್ನೂ ಕಿರಿದುಗೊಳಿಸುವುದು

ನಮ್ಮ ನಾಡಿನ ಕ್ರೈಸ್ತರ ಚರಿತ್ರೆಯಲ್ಲಿ ಇಂಥ ಕಥೆಗೆ ಒದಗುವ ಸಂದರ್ಭಗಳು ಹಲವು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕೊಂಕಣಿ ಕಥೋಲಿಕರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದದ್ದು, 1799ರಲ್ಲಿ ಕೋಟೆ ಬಿದ್ದ ಮೇಲೆ ಉಳಿದವರು ಊರಿಗೆ ಮರಳಿದ್ದು ಒಂದು. ಹದಿನೈದು ವರ್ಷ ಅಗಲಿದ್ದ ಗಂಡ ಹೆಂಡಿರು, ಸತ್ತರೆಂದು ತಿಳಿದು ಬೇರೆ ಬದುಕು ಕಟ್ಟಿಕೊಂಡವರು ಮುಖಾಮುಖಿಯಾಗುವ ಕಥೆಗೆ ಅದು ಹೇಳಿ ಮಾಡಿಸಿದ ಕಾಲ. ಆದರೆ ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ, ಆ ನೋವಿನ ನೆನಪು ಇನ್ನೂ ಆರಿಲ್ಲ, ಆದ್ದರಿಂದ ಮೊದಲ ಕಾದಂಬರಿಗೆ ಅದನ್ನು ಆರಿಸಿಕೊಳ್ಳುವವರು ಎರಡು ಬಾರಿ ಯೋಚಿಸಬೇಕು. 1844ರಲ್ಲಿ ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ದೀಕ್ಷಾಸ್ನಾನ ಪಡೆದು ಕ್ರೈಸ್ತನಾದಾಗ ಊರಿಗೆ ಊರೇ ಅಲ್ಲೋಲಕಲ್ಲೋಲವಾದದ್ದು ಇನ್ನೊಂದು. ಅದೂ ದೊಡ್ಡ ವಸ್ತುವೇ, ಆದರೆ ದಾಖಲೆಯಲ್ಲಿ ಹೆಸರಿರುವ ವ್ಯಕ್ತಿಯ ಒಳಮನಸ್ಸನ್ನು, ಅದರಲ್ಲೂ ಅವರ ದಾಂಪತ್ಯವನ್ನು, ನಮಗೆ ಬೇಕಾದಂತೆ ಕಲ್ಪಿಸಿಕೊಳ್ಳುವ ಹಕ್ಕು ನಮಗಿಲ್ಲ ಎಂಬುದು ನನ್ನ ನಂಬಿಕೆ. ಮೋಗ್ಲಿಂಗ್, ಕಿಟ್ಟೆಲ್ ಎಂಬ ಮಿಶನರಿಗಳು, ಕೌಂಡಿನ್ಯ ಮುಂತಾದವರು ಕಾದಂಬರಿಯ ಬೀದಿಯಲ್ಲಿ ಹಾದುಹೋಗಲಿ, ವೇದಿಕೆಯ ಮೇಲೆ ಪ್ರಸಂಗ ಮಾಡಲಿ. ಪ್ರೇಮ ಮತ್ತು ಪತನದ ಕಥೆಯನ್ನು ಕಲ್ಪಿತ ಪಾತ್ರಗಳೇ ಹೊರಲಿ.

ನಾನು ಇಲ್ಲಿ ಉದಾಹರಣೆಗೆಂದು ಎತ್ತಿಕೊಳ್ಳುವುದು ಮೂರನೆಯ ಸಂದರ್ಭವನ್ನು. 1834ರಲ್ಲಿ ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಮೊದಲ ಮೂವರು ಪಾದ್ರಿಗಳು ಮಂಗಳೂರಿಗೆ ಬಂದರು. ಅವರ ಸಭೆಗೆ ಸೇರಿದವರಲ್ಲಿ ಬಿಲ್ಲವರ ಸಂಖ್ಯೆ ಹೆಚ್ಚು. ಮೂರ್ತೆ, ಅಂದರೆ ಕಳ್ಳು ಇಳಿಸುವುದು, ಅವರಲ್ಲಿ ಅನೇಕರ ಕುಲಕಸುಬು. ಸಭೆಗೆ ಸೇರಿದವನು ಆ ಕಸುಬನ್ನು ಬಿಡಬೇಕೆಂದು ಮಿಶನ್ನು ಬಯಸುತ್ತಿತ್ತು. ಕಸುಬು ಬಿಟ್ಟವನ ಒಲೆ ಹೊತ್ತಬೇಕಲ್ಲ? ನೇಯ್ಗೆಯ ಸಾಲೆ, ಮುದ್ರಣಾಲಯ, 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಶನರಿಯು ಮಂಗಳೂರಿನ ಜೆಪ್ಪಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆ ಇವು ಬೆಳೆದು ನಿಂತದ್ದರ ಹಿಂದೆ ಈ ಪ್ರಶ್ನೆಗೆ ದೊಡ್ಡ ಪಾಲಿದೆ. ಮುಳಿಹುಲ್ಲಿನ ಮಾಡುಗಳ ಊರು ಹಂಚಿನ ಮಾಡುಗಳ ಊರಾಗಿ ಮಾರ್ಪಡುತ್ತಿದ್ದ ಆ ವರ್ಷಗಳನ್ನು, ಅದರಲ್ಲೂ 1867 ಮತ್ತು 1868 ಎಂಬ ಎರಡೇ ವರ್ಷಗಳನ್ನು, ಜೆಪ್ಪು ಮತ್ತು ನೇತ್ರಾವತಿಯ ದಡ ಎಂಬ ಎರಡೇ ಸ್ಥಳಗಳನ್ನು ನಾವು ಆರಿಸಿಕೊಳ್ಳೋಣ. ಶತಮಾನವನ್ನೇ ಹಿಡಿಯಲು ಹೋದವರ ಕಾದಂಬರಿಯಲ್ಲಿ ಇಸವಿಗಳು ಕಾಣುತ್ತವೆ, ಕಾಲ ಕಾಣುವುದಿಲ್ಲ.

ಪಾತ್ರಗಳು ಮೂವರು, ಎಲ್ಲರೂ ಕಲ್ಪಿತರು. ಯೋಹಾನ, ಹಿಂದಿನ ಹೆಸರು ಐತ, ಮೂರ್ತೆಯ ಕಸುಬು ಬಿಟ್ಟು ಹಂಚಿನ ಕಾರ್ಖಾನೆಗೆ ಸೇರಿದವನು. ಮಾರ್ಥ, ಮಿಶನ್ನಿನ ಆಸರೆಯಲ್ಲಿ ಬೆಳೆದ ತಬ್ಬಲಿ, ಅದೇ ಕಾರ್ಖಾನೆಯಲ್ಲಿ ಹಸಿ ಹಂಚು ಹೊರುವವಳು. ಅವಳಿಗಿರುವ ಒಂದೇ ಆಸ್ತಿ ಅಜ್ಜಿಯಿಂದ ಬಂದ ಒಂದು ಜೊತೆ ಬೆಂಡೋಲೆ. ದೇಯಿ, ಯೋಹಾನನ ಸೋದರಮಾವನ ಮಗಳು, ಬಾಲ್ಯದಿಂದ ಅವನಿಗೇ ಎಂದು ಮನೆಯವರು ಮಾತಾಡಿಕೊಂಡಿದ್ದವಳು.

ಶೋಧನೆಯು ಒಳ್ಳೆಯದರ ರೂಪದಲ್ಲಿ ಬರಲಿ

ಈ ಪ್ರಕಾರದ ಕಾದಂಬರಿಗಳು ಸೋಲುವುದು ಹೆಚ್ಚಾಗಿ ಇಲ್ಲಿ. ಶೋಧನೆ ಎಂದೊಡನೆ ಲೇಖಕರಿಗೆ ಕಣ್ಣು ಮಿಟುಕಿಸುವ ಹೆಣ್ಣೋ ಹಣದ ಥೈಲಿ ಹಿಡಿದ ಧೂರ್ತನೋ ನೆನಪಾಗುತ್ತಾನೆ. ಅಂಥವರನ್ನು ತಳ್ಳಿಹಾಕುವುದು ಓದುಗನಿಗೆ ಸುಲಭ, ಆದ್ದರಿಂದ ನಾಯಕನ ಹೋರಾಟವೂ ಅಗ್ಗವಾಗುತ್ತದೆ. ಯಾವುದನ್ನು ಆರಿಸಿಕೊಂಡರೆ ಒಬ್ಬ ಒಳ್ಳೆಯ ಮಗ, ಒಳ್ಳೆಯ ಅಳಿಯ, ಒಳ್ಳೆಯ ನೆರೆಯವ ಎನಿಸಿಕೊಳ್ಳಬಹುದೋ ಅದೇ ಅವನನ್ನು ಕೊಟ್ಟ ಮಾತಿನಿಂದ ಕೀಳುವಂತಿರಬೇಕು.

ತುಳುನಾಡಿನ ಅಳಿಯಕಟ್ಟು ಇದಕ್ಕೆ ಒದಗಿಸುವ ಸಾಮಗ್ರಿ ಅಪಾರ. ಆಸ್ತಿ ಮತ್ತು ಯಜಮಾನಿಕೆ ತಂದೆಯಿಂದ ಮಗನಿಗಲ್ಲ, ಸೋದರಮಾವನಿಂದ ಅಳಿಯನಿಗೆ ಇಳಿಯುತ್ತಿತ್ತು. ಕ್ರೈಸ್ತನಾದವನು ಪಿತ್ರಾರ್ಜಿತದ ಹಕ್ಕನ್ನು ಕಳೆದುಕೊಳ್ಳುವುದಿಲ್ಲವೆಂದು 1850ರ ಕಾಯಿದೆಯೊಂದು ಹೇಳಿತ್ತು, ನಿಜ. ಆದರೆ ಅಳಿಯಕಟ್ಟಿನ ಕುಟುಂಬದ ಆಸ್ತಿಯಲ್ಲಿ ಒಬ್ಬನೇ ಎದ್ದು ನಿಂತು ಪಾಲು ಕೊಡಿ ಎಂದು ಕೇಳುವಂತಿರಲಿಲ್ಲ. ಕಾಯಿದೆಯ ಹಕ್ಕು ಕಾಗದದಲ್ಲಿತ್ತು, ಊಟದ ಪಂಕ್ತಿಯಲ್ಲಿ ಜಾಗವಿರಲಿಲ್ಲ. ಈಗ ನೋಡಿ: ಯೋಹಾನನ ಮಾವ ಹಾಸಿಗೆ ಹಿಡಿದಿದ್ದಾನೆ. ಮನೆಯಲ್ಲಿ ಬೇರೆ ಗಂಡು ದಿಕ್ಕಿಲ್ಲ. ಗೇಣಿಯ ಗದ್ದೆಗೆ ಒಕ್ಕಲು ಬೇಕು, ದೈವದ ಉತ್ಸವವಾದ ನೇಮಕ್ಕೆ ಮುಂದೆ ನಿಲ್ಲುವವನು ಬೇಕು, ಮುದುಕಿಯಾದ ತಾಯಿಗೆ ಗಂಜಿ ಕೊಡುವ ಕೈ ಬೇಕು. ಅವನು ಹಿಂದಿರುಗಿದರೆ ಇಷ್ಟೆಲ್ಲ ನೆಟ್ಟಗಾಗುತ್ತದೆ, ದೇಯಿಯ ಬದುಕೂ ನೆಲೆಗೊಳ್ಳುತ್ತದೆ. ಅವನನ್ನು ಕರೆಯುತ್ತಿರುವವರಲ್ಲಿ ಒಬ್ಬರೂ ಕೆಟ್ಟವರಲ್ಲ. ಇತ್ತ ಜೆಪ್ಪಿನಲ್ಲಿ ಅವನು ಮಾರ್ಥಳಿಗೆ ಮಾತು ಕೊಟ್ಟಾಗಿದೆ, ಮದುವೆಯ ಪ್ರಕಟಣೆಯನ್ನು ಸಭೆಯಲ್ಲಿ ಓದಿಯಾಗಿದೆ. ಇಂಥ ಕವಲಿನಲ್ಲಿ ನಿಂತವನಿಗೆ ಉಪದೇಶ ಕೊಡುವುದು ಯಾರಿಗೂ ಸುಲಭವಲ್ಲ, ಓದುಗನಿಗೂ ಅಲ್ಲ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಆ ಕಾಲದ ಮಿಶನರಿಗಳು ದೈವಗಳ ಆರಾಧನೆಯಾದ ಭೂತಾರಾಧನೆಯನ್ನು ಪಿಶಾಚಿಯ ಪೂಜೆ ಎಂದು ಕರೆದರು. ಕಾದಂಬರಿಯ ಪಾದ್ರಿಯ ಬಾಯಲ್ಲಿ ಆ ಮಾತು ಬಂದರೆ ಅದು ಚರಿತ್ರೆ. ನಿರೂಪಕರ ದನಿಯಲ್ಲಿ ಬಂದರೆ ಅದು ಅನ್ಯಾಯ. ದೈವದ ಎದುರು ನಿಂತು ಸತ್ಯ ಹೇಳುವ ಮಾವನ ಭಯಭಕ್ತಿಯನ್ನು ಅವನ ಕಣ್ಣಿನಿಂದಲೇ ಬರೆಯದಿದ್ದರೆ, ಅದನ್ನು ಬಿಟ್ಟು ಬಂದ ಯೋಹಾನನು ಏನನ್ನು ಬಿಟ್ಟು ಬಂದನೆಂದು ಓದುಗನಿಗೆ ತಿಳಿಯುವುದೇ ಇಲ್ಲ. ಅದೇ ಬಗೆಯಲ್ಲಿ ಪಾದ್ರಿಯನ್ನು ಉದ್ಧಾರಕನನ್ನಾಗಿಯೂ ಚಿತ್ರಿಸಬೇಡಿ, ಖಳನನ್ನಾಗಿಯೂ ಚಿತ್ರಿಸಬೇಡಿ. ಬಾಸೆಲಿನ ಸಮಿತಿಯ ಅನುಮತಿಯಿಲ್ಲದೆ ತಾವೇ ಮದುವೆಯಾಗುವಂತಿಲ್ಲದವರು, ಅನೇಕ ವೇಳೆ ಮುಖವನ್ನೇ ಕಾಣದ ವಧುವಿಗಾಗಿ ಬಂದರಿನಲ್ಲಿ ಕಾದವರು, ಈ ನೆಲದಲ್ಲಿ ಹೆಂಡಿರು ಮಕ್ಕಳನ್ನು ಮಣ್ಣು ಮಾಡಿದವರು ಅವರು. ನಿಘಂಟಿನ ಕಿಟ್ಟೆಲರು 1864ರಲ್ಲಿ ಪತ್ನಿ ಪೌಲಿನಳನ್ನು ಕಳೆದುಕೊಂಡರು. ಮುಂದೆ ಅವಳ ತಂಗಿ ಯೂಲಿಯಳನ್ನು ಮದುವೆಯಾದರು. ಇಂಥವರ ಎದುರು ಒಬ್ಬ ಕೂಲಿಯವನು ಬಂದು ನನಗೆ ಅವಳ ಮೇಲೆ ಮನಸ್ಸಿದೆ ಎಂದಾಗ ಅವರ ಮುಖದಲ್ಲಿ ಏನೇನು ಹಾದುಹೋಗಬಹುದು ಎಂದು ಯೋಚಿಸಿದರೆ ಪಾದ್ರಿಯ ಪಾತ್ರ ತಾನಾಗಿ ಮೈದಳೆಯುತ್ತದೆ.

ಪ್ರೇಮದ ಬರವಣಿಗೆ

ಸಂಯಮವನ್ನು ನಿಯಮವೆಂದು ಭಾವಿಸಿ ಬರೆದವರ ಪ್ರೇಮದೃಶ್ಯಗಳು ಒಣಗಿರುತ್ತವೆ. ಸಂಯಮವೆಂದರೆ ಇಬ್ಬರು ವ್ಯಕ್ತಿಗಳು ಬದುಕುತ್ತಿದ್ದ ಪರಿಸ್ಥಿತಿ ಎಂದು ತಿಳಿದವರ ದೃಶ್ಯಗಳಲ್ಲಿ ಬಿಸಿ ಇರುತ್ತದೆ. ಜೆಪ್ಪಿನ ಕಾರ್ಖಾನೆಯಲ್ಲಿ ಹೆಣ್ಣು ಗಂಡು ಒಂದೆಡೆ ನಿಂತು ಹರಟುವಂತಿರಲಿಲ್ಲವೆಂದಾದರೆ, ಅವರ ಪ್ರೀತಿಗೆ ದಾರಿ ಅವರು ಮಾಡುವ ಕೆಲಸದಲ್ಲೇ ಇರಬೇಕು. ದಡದಿಂದ ದೋಣಿಯಲ್ಲಿ ಬಂದ ಮಣ್ಣನ್ನು ಹದಮಾಡುವುದು, ಅಚ್ಚಿನಲ್ಲಿ ಒತ್ತುವುದು, ನೆರಳಿನಲ್ಲಿ ಒಣಗಿಸುವುದು, ಭಟ್ಟಿಯಲ್ಲಿ ಸುಡುವುದು ಎಂಬ ಕ್ರಮವನ್ನು ಚೆನ್ನಾಗಿ ತಿಳಿದುಕೊಂಡ ಮೇಲೆ ನನಗೆ ಹೊಳೆದ ದೃಶ್ಯವೊಂದು ಹೀಗಿದೆ:

"ಒಣಗಲು ಇಟ್ಟಿದ್ದ ಹಂಚುಗಳ ಸಾಲಿನಲ್ಲಿ ಒಂದರ ಅಂಚಿನ ಮೇಲೆ ಹೆಬ್ಬೆರಳಿನ ಗುರುತು ಬಿದ್ದಿತ್ತು. ಇಳಿಸುವಾಗ ಯಾರೋ ಒಂದು ಕ್ಷಣ ಬಿಗಿಯಾಗಿ ಹಿಡಿದಿದ್ದರು. ಆ ಸಾಲನ್ನು ಹೊತ್ತು ತಂದವಳು ಮಾರ್ಥ ಎಂದು ಯೋಹಾನನಿಗೆ ಗೊತ್ತಿತ್ತು. ಗುರುತು ಬಿದ್ದ ಹಂಚನ್ನು ಮಣ್ಣಿನ ರಾಶಿಗೆ ಮರಳಿ ಹಾಕಬೇಕೆಂದು ಮೇಸ್ತ್ರಿಯ ಕಟ್ಟಪ್ಪಣೆ. ಅವನು ತನ್ನ ಹೆಬ್ಬೆರಳನ್ನು ಆ ಗುರುತಿನ ಸಮೀಪಕ್ಕೆ ತಂದನು, ಮುಟ್ಟಲಿಲ್ಲ. ಹಂಚನ್ನು ಸಾಲಿನ ನಡುವೆ ಸೇರಿಸಿ ಭಟ್ಟಿಯೊಳಗೆ ಇಟ್ಟನು."

ಇಲ್ಲಿ ಪ್ರೀತಿ ಎಂಬ ಪದವಿಲ್ಲ, ದೇಹದ ವರ್ಣನೆಯಿಲ್ಲ, ಆದರೂ ಸಣ್ಣದೊಂದು ಅಪ್ಪಣೆ ಮೀರಿದ ತಪ್ಪಿದೆ, ಬೆಂಕಿಯಲ್ಲಿ ಗಟ್ಟಿಯಾಗಿ ಉಳಿಯುವ ಗುರುತಿದೆ. ಶೋಧನೆ ಮತ್ತು ಪ್ರೇಮ ಒಂದೇ ಕೈಯಿಂದ ಆರಂಭವಾಗುತ್ತವೆ ಎಂಬುದನ್ನು ಓದುಗನು ತಾನೇ ಕಾಣುತ್ತಾನೆ. ನೀವು ಆರಿಸಿಕೊಂಡ ಕಾಲದ ಕಸುಬು ಯಾವುದೇ ಇರಲಿ, ಮಗ್ಗದ ಲಾಳಿಯಿರಲಿ, ಅಚ್ಚುಮೊಳೆ ಜೋಡಿಸುವುದಿರಲಿ, ಅದನ್ನು ಕೈಗಳ ಮಟ್ಟದಲ್ಲಿ ತಿಳಿದುಕೊಳ್ಳುವವರೆಗೆ ಪ್ರೇಮದೃಶ್ಯ ಬರೆಯಬೇಡಿ.

ಭಾಷೆಯ ವಿಷಯವೂ ಇದಕ್ಕೆ ಸೇರಿದ್ದು. ಯೋಹಾನನೂ ಮಾರ್ಥಳೂ ಮನೆಯಲ್ಲಿ ಆಡುವುದು ತುಳು. ಪುಸ್ತಕದ, ಶಾಲೆಯ ಭಾಷೆ ಕನ್ನಡ. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಲ್ಲೇ ಪೂರ್ಣವಾಗಿ ಅಚ್ಚಾಗಿತ್ತು, ಇಡೀ ಬೈಬಲು ಕನ್ನಡದಲ್ಲಿ 1831ರಲ್ಲಿ ಬಳ್ಳಾರಿಯಲ್ಲಿ ಹೊರಬಂದಿತ್ತು. ಹಾಗಾದರೆ ಪ್ರಾರ್ಥನೆಯನ್ನು ಅವರು ಯಾವ ಭಾಷೆಯಲ್ಲಿ ಮಾಡುತ್ತಾರೆ, ಸಿಟ್ಟನ್ನು ಯಾವ ಭಾಷೆಯಲ್ಲಿ ತೋರುತ್ತಾರೆ, ಮನಸ್ಸಿನ ಮಾತನ್ನು ಯಾವುದರಲ್ಲಿ ಹೇಳುತ್ತಾರೆ ಎಂದು ಲೇಖಕರು ನಿಶ್ಚಯಿಸಬೇಕು. ಇಡೀ ಸಂಭಾಷಣೆಯನ್ನು ತುಳುವಿನಲ್ಲಿ ಕೊಟ್ಟರೆ ಘಟ್ಟದ ಮೇಲಿನ ಓದುಗ ದೂರವಾಗುತ್ತಾನೆ. ತಾಯಿಗೆ ಅಪ್ಪೆ, ಸೋದರಮಾವನಿಗೆ ತಮ್ಮಲೆ ಎಂಬ ಕರೆಗಳನ್ನು ಹಾಗೆಯೇ ಉಳಿಸಿಕೊಂಡು, ಪ್ರೀತಿ ಎಂಬ ಅರ್ಥದ ಮೋಕೆ ಎಂಬ ಪದವನ್ನು ಇಡೀ ಕಾದಂಬರಿಯಲ್ಲಿ ಒಂದೇ ಒಂದು ಬಾರಿ, ಅದು ಬಂದರೆ ಮಾತ್ರ ಎದೆ ನಡುಗುವ ಜಾಗದಲ್ಲಿ ಬಳಸಿದರೆ ಸಾಕು. ಬೈಬಲಿನ ವಚನಗಳನ್ನು ಇಂದಿನ ಆವೃತ್ತಿಯಿಂದ ನಕಲು ಮಾಡಿ 1867ರ ಬಾಯಲ್ಲಿ ಇಡುವುದು ತಪ್ಪು. ಹಳೆಯ ಪಾಠ ಸಿಗದಿದ್ದರೆ ವಚನದ ಸಾರವನ್ನು ಪಾತ್ರದ ಮಾತಿನಲ್ಲಿ ಹೇಳಿಸುವುದು ಪ್ರಾಮಾಣಿಕ ದಾರಿ. ಹಾಗೆಯೇ ಸಭೆಯ ಪದಗಳನ್ನು ಬೆರಕೆ ಮಾಡಬೇಡಿ. ಪ್ರಾಟೆಸ್ಟಂಟರ ದೀಕ್ಷಾಸ್ನಾನ, ಕರ್ತನ ರಾತ್ರಿ ಭೋಜನ, ಸಭಾಪಾಲಕ ಬೇರೆ. ಕಥೋಲಿಕರ ಜ್ಞಾನಸ್ನಾನ, ಪರಮಪ್ರಸಾದ, ಪಾಪನಿವೇದನೆ ಬೇರೆ. ಬಾಸೆಲ್ ಮಿಶನ್ನಿನ ಮಾರ್ಥಳು ಕೈಯಲ್ಲಿ ಜಪಸರ ಹಿಡಿದು ಕುಳಿತರೆ ಕರಾವಳಿಯ ಓದುಗನು ಪುಸ್ತಕವನ್ನು ಅಲ್ಲಿಗೇ ಮುಚ್ಚುತ್ತಾನೆ.

ತಿಳಿಯಬೇಕಾದದ್ದು ಮತ್ತು ತಪ್ಪಬಾರದ್ದು

ನನ್ನ ಮೊದಲ ಕರಡಿನಲ್ಲಿ ಯೋಹಾನನು ಮದರಾಸಿನಿಂದ ಬರುವ ಅಧಿಕಾರಿಯೊಬ್ಬನನ್ನು ಕಾಣಲು ರೈಲು ನಿಲ್ದಾಣಕ್ಕೆ ಹೋಗುವ ದೃಶ್ಯವೊಂದಿತ್ತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ ಎಂದು ಹಿರಿಯ ಓದುಗರೊಬ್ಬರು ಅಂಚಿನಲ್ಲಿ ಬರೆದು ಕಳುಹಿಸಿದಾಗ ನನಗಾದ ಸಂಕಟ ಈಗಲೂ ನೆನಪಿದೆ. ಏಕೆಂದರೆ ಆ ದೃಶ್ಯವನ್ನು ತೆಗೆದುಹಾಕಿದ ಮೇಲೆ, ಅದರ ಮೇಲೆ ನಿಂತಿದ್ದ ನಾಲ್ಕು ಅಧ್ಯಾಯಗಳನ್ನೂ ಹೊಸದಾಗಿ ಬರೆಯಬೇಕಾಯಿತು. 1867ರ ಮಂಗಳೂರಿಗೆ ಬರುವವರು ಕಡಲಿನಿಂದ ಹಾಯಿಹಡಗಿನಲ್ಲೋ ಉಗಿಹಡಗಿನಲ್ಲೋ ಬರುತ್ತಾರೆ, ಇಲ್ಲವೇ ಘಟ್ಟದ ದಾರಿಯಲ್ಲಿ ಬರುತ್ತಾರೆ. ಮಳೆಗಾಲದಲ್ಲಿ ಬಂದರು ಮುಚ್ಚಿದಂತೆಯೇ. ಜೂನ್ ತಿಂಗಳಲ್ಲಿ ಕಾಗದವೊಂದು ತಡವಾಗುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಜಿಲ್ಲೆಯ ಹೆಸರು ದಕ್ಷಿಣ ಕನ್ನಡ, ಆಡಳಿತ ಮದರಾಸು ಪ್ರಾಂತದ್ದು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಕೂಲಿ ಎಷ್ಟಿತ್ತೆಂದು ದಾಖಲೆಯಲ್ಲಿ ಕಾಣದಿದ್ದರೆ ಸಂಖ್ಯೆಯನ್ನು ಬರೆಯಬೇಡಿ. ಶನಿವಾರ ಕೈಗೆ ಬಂದ ಕೂಲಿಯಲ್ಲಿ ಅಕ್ಕಿ ಕೊಂಡ ಮೇಲೆ ಎಣ್ಣೆಗೆ ಉಳಿಯಲಿಲ್ಲ ಎಂದರೆ ಸಾಕು.

ಕಾನೂನಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ನಿಮ್ಮ ನಾಯಕನಿಗೆ ಕ್ರೈಸ್ತನಾಗುವ ಮೊದಲೇ ಮದುವೆಯಾಗಿದ್ದರೆ ಕಥೆಯ ದಿಕ್ಕೇ ಬದಲಾಗುತ್ತದೆ. 1866ರ ಕಾಯಿದೆಯೊಂದರ ಪ್ರಕಾರ, ಮತಾಂತರದ ಕಾರಣದಿಂದ ಸಂಗಾತಿ ಆರು ತಿಂಗಳು ತೊರೆದಿದ್ದರೆ ಕ್ರೈಸ್ತನಾದವನೋ ಕ್ರೈಸ್ತಳಾದವಳೋ ನ್ಯಾಯಾಲಯಕ್ಕೆ ಹೋಗಬಹುದಾಗಿತ್ತು. ನ್ಯಾಯಾಧೀಶರು ಇನ್ನೊಬ್ಬರನ್ನು ಕರೆಸಿ ವಿಚಾರಿಸಿ, ಒಲ್ಲೆನೆಂದರೆ ಪ್ರಕರಣವನ್ನು ಒಂದು ವರ್ಷ ಮುಂದಕ್ಕೆ ಹಾಕುತ್ತಿದ್ದರು, ವರ್ಷ ಕಳೆದ ಮೇಲೂ ಅದೇ ಉತ್ತರ ಬಂದರೆ ಮದುವೆ ರದ್ದಾಗುತ್ತಿತ್ತು. ಆ ಒಂದು ವರ್ಷದ ಕಾಯುವಿಕೆಯನ್ನು ಗಮನಿಸಿ. ಕಾದಂಬರಿಕಾರನು ಕುಳಿತು ಕಲ್ಪಿಸಿದರೂ ಇಷ್ಟು ಕ್ರೂರವೂ ಇಷ್ಟು ಕರುಣೆಯೂ ಒಟ್ಟಿಗಿರುವ ಅವಧಿಯನ್ನು ಕಟ್ಟಲಾರನು: ಅದರೊಳಗೆ ಹಳೆಯ ಹೆಂಡತಿ ಬರಬಹುದು, ಹೊಸ ಪ್ರೀತಿ ಬತ್ತಬಹುದು, ಅಥವಾ ನಾಯಕನೇ ತಾನು ಯಾರನ್ನು ನಿಜವಾಗಿ ಕಾಯುತ್ತಿದ್ದೇನೆಂದು ಅರಿಯದೆ ಹೋಗಬಹುದು. ನಮ್ಮ ಯೋಹಾನನನ್ನು ನಾನು ಅವಿವಾಹಿತನಾಗಿಯೇ ಇಟ್ಟುಕೊಂಡದ್ದು ಮೊದಲ ಕಾದಂಬರಿಯವರಿಗೆ ಹೊರೆ ಕಡಿಮೆಯಾಗಲೆಂದು ಮಾತ್ರ.

ಪದವೊಂದು ಆ ಕಾಲದಲ್ಲಿ ಇತ್ತೇ ಎಂಬ ಅನುಮಾನ ಬಂದಾಗ 1894ರ ಕಿಟ್ಟೆಲ್ ನಿಘಂಟನ್ನು ತೆರೆದು ನೋಡುವ ಅಭ್ಯಾಸ ಮಾಡಿಕೊಳ್ಳಿ. 1843ರಲ್ಲಿ ಮೋಗ್ಲಿಂಗರು ಕಲ್ಲಚ್ಚಿನಲ್ಲಿ ಹೊರಡಿಸಿದ ಮಂಗಳೂರ ಸಮಾಚಾರ ಪತ್ರಿಕೆಯ ಗದ್ಯ, ಶತಮಾನದ ಕೊನೆಯ ಹೊತ್ತಿಗೆ ಅದೇ ಊರಿನಲ್ಲಿ ಹುಟ್ಟಿದ ಮೊದಮೊದಲ ಕನ್ನಡ ಕಾದಂಬರಿಗಳ ಗದ್ಯ, ಇವೆರಡನ್ನೂ ಗಟ್ಟಿಯಾಗಿ ಓದಿದರೆ ವಾಕ್ಯದ ನಡೆ ಕಿವಿಗೆ ಹತ್ತುತ್ತದೆ. ಬಲ್ಮಠದ ದೈವಜ್ಞಾನ ಕಾಲೇಜಿನ ಪತ್ರಾಗಾರದಲ್ಲೂ ಬಾಸೆಲಿನ ಮಿಶನ್ ಪತ್ರಾಗಾರದಲ್ಲೂ ವರದಿಗಳು, ಹಳೆಯ ಛಾಯಾಚಿತ್ರಗಳು ಇವೆ. ಛಾಯಾಚಿತ್ರವನ್ನು ನೋಡುವಾಗ ಮುಖಗಳಿಗಿಂತ ಅಂಚುಗಳನ್ನು ನೋಡಿ: ಯಾರ ಕಾಲಲ್ಲಿ ಚಪ್ಪಲಿಯಿದೆ, ಯಾರು ಕುಳಿತಿದ್ದಾರೆ, ಯಾರು ಬಾಗಿಲ ಮರೆಯಲ್ಲಿ ಅರ್ಧ ಕಾಣುತ್ತಾರೆ. ನಿಮ್ಮ ನಾಯಕಿ ಸಾಮಾನ್ಯವಾಗಿ ಆ ಅರ್ಧ ಕಾಣುವವಳೇ ಆಗಿರುತ್ತಾಳೆ.

ಪತನವನ್ನು ನೇರವಾಗಿ ಬರೆಯಿರಿ

ಸದಭಿರುಚಿಯ ಹೆಸರಿನಲ್ಲಿ ನಾಯಕನ ತಪ್ಪನ್ನು ಅರ್ಧದಲ್ಲೇ ನಿಲ್ಲಿಸುವುದು, ಬೀಳುವಷ್ಟರಲ್ಲಿ ಯಾರೋ ಬಂದು ತಡೆದರೆಂದು ಬರೆಯುವುದು ಈ ಪ್ರಕಾರದ ಹಳೆಯ ಚಾಳಿ. ಬೀಳದವನನ್ನು ಎತ್ತುವುದು ಹೇಗೆ? ಯೋಹಾನನು ಬೀಳಬೇಕು. ಸಾಯುತ್ತಿರುವ ಮಾವನ ಕೈ ಹಿಡಿದು ತಾನು ಮನೆಗೆ ಮರಳುತ್ತೇನೆ, ದೇಯಿಯನ್ನು ಮದುವೆಯಾಗುತ್ತೇನೆ ಎಂದು ಆಣೆಯಿಡುತ್ತಾನೆ. ಮಾವ ತೀರಿಕೊಂಡ ಮೇಲೆ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಖರ್ಚು ಅಳಿಯನಾದ ಅವನ ತಲೆಯ ಮೇಲೆ ಬೀಳುತ್ತದೆ. ಮದುವೆಯ ಬಟ್ಟೆಗೆ ಬೇಕೆಂದು ಸುಳ್ಳು ಹೇಳಿ ಮಾರ್ಥಳ ಬೆಂಡೋಲೆಯನ್ನು ಕೇಳಿ ಪಡೆದು, ಪೇಟೆಯ ಸಾಹುಕಾರನ ಬಳಿ ಅಡವಿಟ್ಟು, ಆ ಹಣದಲ್ಲಿ ಊರಿಗೆ ಊಟ ಹಾಕುತ್ತಾನೆ. ಒಂದೇ ವಾರದಲ್ಲಿ ಇಬ್ಬರು ಹೆಣ್ಣುಮಕ್ಕಳಿಗೆ ಕೊಟ್ಟ ಮಾತು, ಎರಡು ದೇವರ ಎದುರು ಇಟ್ಟ ಆಣೆ ಎಲ್ಲವೂ ಒಂದನ್ನೊಂದು ತಿನ್ನತೊಡಗುತ್ತವೆ. ದೇಹದ ಪಾಪವನ್ನೇ ಪಾಪವೆಂದು ತಿಳಿದವರಿಗೆ ಇದು ಸಣ್ಣದಾಗಿ ಕಂಡೀತು. ಬಡವಳ ಕಿವಿಯಿಂದ ಚಿನ್ನವನ್ನು ಸುಳ್ಳು ಹೇಳಿ ಬಿಚ್ಚಿಸಿಕೊಂಡದ್ದಕ್ಕಿಂತ ದೊಡ್ಡ ಪತನವನ್ನು ನಾನಂತೂ ಕಲ್ಪಿಸಿಕೊಳ್ಳಲಾರೆ.

ಈ ಸುಳ್ಳಿನ ದೃಶ್ಯವನ್ನು ಬರೆಯುವಾಗ ನಿರೂಪಕರು ತೀರ್ಪು ಕೊಡಕೂಡದು. ಮಾರ್ಥಳು ಓಲೆಯನ್ನು ಬಿಚ್ಚುವಾಗ ತಿರುಪು ಸಡಿಲಾಗದೆ ತಡವಾಗುತ್ತದೆ, ಅವನು ಕಾಯುತ್ತ ನಿಂತಿದ್ದಾನೆ, ತಡವಾದಷ್ಟೂ ನಿಜ ಹೇಳುವುದಕ್ಕೆ ಸಮಯ ಸಿಗುತ್ತಿದೆ, ಅವನು ಹೇಳುವುದಿಲ್ಲ. ಆ ತಿರುಪಿನ ಮೇಲೆ ಒಂದು ಪುಟ ಬರೆಯಿರಿ.

ಮುಂದೆ ಸಭೆಗೆ ಎಲ್ಲವೂ ತಿಳಿಯುತ್ತದೆ. ಬಾಸೆಲ್ ಮಿಶನ್ನಿನ ಸಭಾಶಿಸ್ತು ಕಟ್ಟುನಿಟ್ಟಿನದಾಗಿತ್ತು. ತಪ್ಪಿದವರನ್ನು ಕರ್ತನ ರಾತ್ರಿ ಭೋಜನದಿಂದ ದೂರವಿಡುವುದು ರೂಢಿಯಾಗಿತ್ತು. ಯೋಹಾನನು ಕುಲದ ಪಂಕ್ತಿಯಲ್ಲಿ ಮತ್ತೆ ಕೂರುವ ಮೊದಲೇ ಸಭೆಯ ಪಂಕ್ತಿಯಿಂದಲೂ ಎದ್ದುಹೋಗಬೇಕಾಗುತ್ತದೆ. ಎರಡು ಮನೆಗಳ ನಡುವೆ, ಎರಡು ಊಟಗಳ ನಡುವೆ ಹಸಿದು ನಿಂತ ಮನುಷ್ಯನ ಚಿತ್ರ ಇದು. ಮನೆಬಿಟ್ಟು ಹೋಗಿ ಹಸಿದು ತಂದೆಯ ಬಳಿಗೆ ಮರಳಿದ ತಪ್ಪಿದ ಮಗನ ಕುರಿತು ಯೇಸು ಹೇಳಿದ ಸಾಮ್ಯ ನೆನಪಾಗಬೇಕು, ಆದರೆ ಯಾವ ಪಾತ್ರವೂ ಅದನ್ನು ಬಾಯಿಬಿಟ್ಟು ಹೇಳಬಾರದು. ಪ್ರಾರ್ಥನೆಯೂ ಹಾಗೆಯೇ. ಕಷ್ಟದಲ್ಲಿರುವ ಮನುಷ್ಯ ಒಂದೂವರೆ ಪುಟದ ಪ್ರಾರ್ಥನೆ ಮಾಡುವುದಿಲ್ಲ, ದೇವರಿಗೆ ಸಿದ್ಧಾಂತ ವಿವರಿಸುವುದಿಲ್ಲ. ಭಟ್ಟಿಯ ಮುಂದೆ ರಾತ್ರಿಪಾಳಿಯಲ್ಲಿ ಸೌದೆ ನೂಕುತ್ತ ಅವನು "ಕರ್ತನೇ, ಅವಳ ಕಿವಿ" ಎಂದಷ್ಟೇ ಹೇಳಿ ಮುಂದಿನ ಮಾತು ಬಾರದೆ ಸುಮ್ಮನಾದರೆ, ಪ್ರಾರ್ಥನೆ ತಲುಪಿತೆಂದು ಓದುಗನಿಗೆ ಗೊತ್ತಾಗುತ್ತದೆ.

ಬೆಲೆ ತೆರುವವರು ಯಾರು

ಮೊದಲ ಯೋಜನೆಯಲ್ಲಿ ನಾನು ಮಾರ್ಥಳ ಕ್ಷಮೆಯಿಂದಲೇ ಎಲ್ಲವನ್ನೂ ಪರಿಹರಿಸಿದ್ದೆ. ಅದು ತಪ್ಪೆಂದು ಬರೆದು ಮುಗಿಸಿದ ಮೇಲೆ ಅರಿವಾಯಿತು. ಹೆಣ್ಣಿನ ಪ್ರೀತಿಯೇ ಗಂಡಿನ ರಕ್ಷಣೆ ಎಂದು ಬರೆದರೆ, ಅವಳನ್ನು ರಕ್ಷಕಳ ಪೀಠದಲ್ಲಿ ಕೂರಿಸಿ, ಅವಳ ನೋವನ್ನು ಅವನ ಔಷಧಿಯನ್ನಾಗಿ ಮಾಡಿದಂತಾಗುತ್ತದೆ. ಕ್ರೈಸ್ತ ನಂಬಿಕೆಯ ದೃಷ್ಟಿಯಿಂದಲೂ ಅದು ಸರಿಯಲ್ಲ, ಕಥೆಯ ದೃಷ್ಟಿಯಿಂದಲೂ ನ್ಯಾಯವಲ್ಲ. ಅವನೇ ದುಡಿದು ಸಾಲ ತೀರಿಸಿದನೆಂದರೂ ಅರ್ಧ ಮಾತ್ರ ಸರಿ: ದುಡಿಮೆ ಪಶ್ಚಾತ್ತಾಪದ ಗುರುತಾದೀತು, ಕೃಪೆಯಾಗದು. ಕೃಪೆ ಎಂಬುದು ನಿರೀಕ್ಷೆಯಿಲ್ಲದ ಕೈಯಿಂದ, ಕೊಡುವ ಋಣವಿಲ್ಲದವರಿಂದ ಬರಬೇಕು.

ಹಾಗಾಗಿ ಕಥೆಯಲ್ಲಿ ಶೋಧನೆಯ ಬದಿಗೆ ನಿಂತಿದ್ದ ದೇಯಿಯ ಕಡೆಗೆ ನಾನು ತಿರುಗಿದೆ. ತನ್ನ ಅಪ್ಪನ ಬೊಜ್ಜ ಇನ್ನೊಬ್ಬಳ ಕಿವಿಯ ಚಿನ್ನದಲ್ಲಿ ನಡೆಯಿತೆಂದು ತಿಳಿದಾಗ ಅವಳ ಸ್ವಾಭಿಮಾನ ಅದನ್ನು ಸಹಿಸುವುದಿಲ್ಲ. ಯೋಹಾನನನ್ನು ಆಣೆಯಿಂದ ಬಿಡಿಸುವವಳೂ ಅವಳೇ, ಸಾಹುಕಾರನ ಬಳಿಗೆ ಹೋಗುವವಳೂ ಅವಳೇ. ಆ ದೃಶ್ಯದ ಒಂದು ಭಾಗ ಹೀಗಿದೆ:

"ಕಾರ್ಖಾನೆಯ ಹೊರಗಿನ ಹಲಸಿನ ಮರದ ಕೆಳಗೆ ನಿಂತಿದ್ದವಳು ಯಾರೆಂದು ಮಾರ್ಥಳಿಗೆ ಹೇಳದೆಯೇ ತಿಳಿಯಿತು. ದೇಯಿ ಸೊಂಟದಿಂದ ಅಡಿಕೆ ಹಾಳೆಯ ಸಣ್ಣ ಸುರುಳಿಯೊಂದನ್ನು ತೆಗೆದು ಚಾಚಿದಳು.

'ಅಕ್ಕ, ಎಣಿಸಿ ನೋಡಿಕೋ. ಎರಡೂ ಇವೆ. ಬಡ್ಡಿಯೂ ತೀರಿದೆ.'

'ನಿನಗೆ ಎಲ್ಲಿಂದ?'

'ನನ್ನ ಕರುವನ್ನು ಕೊಟ್ಟೆ.' ಸ್ವಲ್ಪ ಹೊತ್ತು ಹಂಚಿನ ರಾಶಿಯನ್ನೇ ನೋಡಿದಳು. 'ನನ್ನ ಅಪ್ಪ ಯಾರ ಋಣದಲ್ಲೂ ಹೋಗಬಾರದು. ಅವನಿಗೆ ಹೇಳಬೇಡ.'"

ದೇಯಿ ಕ್ರೈಸ್ತಳಲ್ಲ, ಮುಂದೆಯೂ ಆಗುವುದಿಲ್ಲ. ಅವಳನ್ನು ಕೊನೆಯಲ್ಲಿ ದೀಕ್ಷಾಸ್ನಾನಕ್ಕೆ ತರಬೇಕೆಂಬ ಆಸೆ ಕೆಲವು ಲೇಖಕರಿಗೆ ಬರಬಹುದು. ತಂದರೆ ಅವಳು ಕೊಟ್ಟ ಕರುವಿಗೆ ಪ್ರತಿಫಲ ಕೊಟ್ಟಂತಾಗಿ ಕೊಡುಗೆ ಕೊಡುಗೆಯಾಗಿ ಉಳಿಯುವುದಿಲ್ಲ. ಜೆರಿಕೋವಿನ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿದವನು ಯೆಹೂದ್ಯರು ಹೊರಗಿನವನೆಂದು ಕಾಣುತ್ತಿದ್ದ ಸಮಾರ್ಯದವನು ಎಂಬುದನ್ನು ಬಲ್ಲ ಓದುಗನಿಗೆ ದೇಯಿ ಯಾರೆಂದು ವಿವರಿಸಬೇಕಾಗಿಲ್ಲ.

ಇಷ್ಟಾದ ಮೇಲೆ ಮಾರ್ಥಳಿಗೂ ಒಂದು ತೀರ್ಮಾನ ಉಳಿದಿರಬೇಕು, ಅದು ಅವಳದೇ ಆಗಿರಬೇಕು. ಬೆಂಡೋಲೆ ಮರಳಿ ಬಂದಿದೆ ಎಂದ ಮಾತ್ರಕ್ಕೆ ಅವಳು ಅವನನ್ನು ಮದುವೆಯಾಗಬೇಕಾಗಿಲ್ಲ. ಅಡವು ಬಿಟ್ಟಿರುವುದು ಒಡವೆಗೆ, ನಂಬಿಕೆಗಲ್ಲ. ಆದ್ದರಿಂದ ಯೋಹಾನನು ತನಗೆ ಗೊತ್ತಿಲ್ಲದ ಈ ಸಂಗತಿಯ ಹೊರಗೆ, ಬೆಂಡೋಲೆ ಇನ್ನೂ ಸಾಹುಕಾರನಲ್ಲೇ ಇದೆಯೆಂದು ನಂಬಿ, ಮಳೆಗಾಲವಿಡೀ ರಾತ್ರಿಪಾಳಿಯಲ್ಲಿ ದುಡಿದು ಆಣೆ ಆಣೆ ಕೂಡಿಡಲಿ. ಸಭೆಯ ಎದುರು ನಿಂತು ತಾನು ಸುಳ್ಳು ಹೇಳಿದ್ದನ್ನು, ಯಾರ ಕಿವಿಯಿಂದ ಏನನ್ನು ಪಡೆದನೆಂಬುದನ್ನು, ಒಂದೂ ಬಿಡದೆ ಒಪ್ಪಿಕೊಳ್ಳಲಿ. ಮಾರ್ಥಳು ಅದನ್ನು ಹೆಂಗಸರ ಸಾಲಿನಿಂದ ಕೇಳಲಿ. ಬೆಂಡೋಲೆ ಅವಳ ಸೆರಗಿನ ಗಂಟಿನಲ್ಲೇ ಇರಲಿ.

ಕಾದಂಬರಿಯನ್ನು ಮದುವೆಯ ದೃಶ್ಯದಲ್ಲಿ ಮುಗಿಸಬೇಡಿ ಎಂದು ಹೇಳುವುದಕ್ಕೂ ಇದೇ ಕಾರಣ. ಮಳೆ ನಿಂತ ಮೇಲೆ ಒಂದು ಸಂಜೆ ಯೋಹಾನನು ಕೂಡಿಟ್ಟ ಹಣವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಸಾಹುಕಾರನ ಅಂಗಡಿಗೆ ಹೋಗುತ್ತಾನೆ. ಆ ಲೆಕ್ಕ ಯಾವಾಗಲೋ ಚುಕ್ತಾ ಆಗಿದೆ ಎಂದು ಸಾಹುಕಾರ ಪುಸ್ತಕ ತಿರುಗಿಸಿ ತೋರಿಸುತ್ತಾನೆ. ಯಾರು ಕೊಟ್ಟರೆಂದು ಅಲ್ಲಿ ಬರೆದಿಲ್ಲ. ಬೇಡವಾದ ಹಣದ ಗಂಟನ್ನು ಹಿಡಿದುಕೊಂಡು ಅವನು ಜೆಪ್ಪಿಗೆ ಹಿಂದಿರುಗುವಾಗ ಕಾರ್ಖಾನೆಯಿಂದ ಹೆಂಗಸರು ಹೊರಬರುತ್ತಿರುತ್ತಾರೆ. ಮಾರ್ಥಳ ಒಂದು ಕಿವಿಯಲ್ಲಿ ಮಾತ್ರ ಬೆಂಡೋಲೆಯಿದೆ. ಇನ್ನೊಂದನ್ನು ಅವಳು ಅಂಗೈಯಲ್ಲಿ ಇಟ್ಟುಕೊಂಡು, ತಿರುಪು ಸಡಿಲಾಗುತ್ತಿಲ್ಲವೆಂದು ಹೇಳಿ, ಅವನ ಕಡೆಗೆ ಕೈ ಚಾಚುತ್ತಾಳೆ.